ಒಂದು ಸಾಲು ಹೆಚ್ಚು, ತೂಕ ಕಡಿಮೆ

ಏಳನೆಯ ಸಲವೂ ಪರದೆ ಸತ್ತಿತು.

ಪರದೆಯ ಮೂಲೆಯಲ್ಲಿ ಓಡುತ್ತಿದ್ದ ಗಡಿಯಾರ ಮಧ್ಯಾಹ್ನ ಒಂದು ಗಂಟೆ ಮೂವತ್ತೆಂಟು ನಿಮಿಷ ಹನ್ನೊಂದು ಸೆಕೆಂಡಿಗೆ ನಿಂತುಬಿಟ್ಟಿತು. ಜಾಹೀದಾ ಒಂದು ಕೀ ಒತ್ತಿದಳು, ಇನ್ನೊಂದು ಒತ್ತಿದಳು, ಕೊನೆಗೆ ಹತ್ತೂ ಬೆರಳಿನಿಂದ ಬಡಿದಳು. ಪರದೆಯ ತಲೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಎಂಬ ಸಾಲು ಮಾತ್ರ ಏನೂ ಆಗಿಲ್ಲವೆಂಬಂತೆ ಹಸಿರಾಗಿ ಹೊಳೆಯುತ್ತಿತ್ತು.

“ಮತ್ತ ನಿಂತತೇನ್ರಿ ಅಕ್ಕೋರ?” ಎಂದು ಕೇಳಿದ ಪೊಲೀಸ್ ಫೌಜದಾರರು ಉತ್ತರ ಬರುವ ಮೊದಲೇ ಎರಡು ಸಲ ಸೀನಿದರು. ಬ್ಯಾಡಗಿಗೆ ವರ್ಗವಾಗಿ ಬಂದು ಎಂಟು ತಿಂಗಳಾದರೂ ಮೆಣಸಿನಕಾಯಿಯ ಘಾಟು ಅವರ ಮೂಗಿಗೆ ಒಗ್ಗಿರಲಿಲ್ಲ. ಅವರ ಸೀನು ಕೇಳಿಯೇ ಕಳ್ಳರು ಓಡಿಹೋಗುತ್ತಾರೆ ಎಂದು ಪೇಟೆಯಲ್ಲಿ ನಗುತ್ತಿದ್ದರು.

“ನಿಂತತ್ರಿ.”

“ನಾಲ್ಕಕ್ಕ ವ್ಯಾನ್ ಹಾವೇರಿಗೆ ಹೊಂಡತೈತಿ. ಇವನ್ನ ನ್ಯಾಯಾಧೀಶರ ಮುಂದ ನಿಲ್ಲಸಬೇಕು. ಮುಂಜಾನಿಂದ ನಿಮಗ ಬಿಟ್ಟೇನಿ. ಇನ್ನ ಬಿಡಾಕ ಆಗೂದಿಲ್ಲ.”

ಇವನು ಅಂದರೆ ಸಲಾವುದ್ದೀನ, ಜಾಹೀದಾಳ ತಮ್ಮ, ಈ ಕೋಲ್ಡ್ ಸ್ಟೋರೇಜಿನ ಆಪರೇಟರ್. ಬಾಗಿಲ ಬಳಿಯ ಬೆಂಚಿನ ಮೇಲೆ ಬೇಡಿ ಹಾಕಿಸಿಕೊಂಡು ಕೂತಿದ್ದ. ನಿನ್ನೆ ಶುಕ್ರವಾರ ಅವನು ನಮಾಜಿಗೆ ಹೋಗಿದ್ದ ಅರ್ಧ ಗಂಟೆಯಲ್ಲಿ ಯಂತ್ರ ನಡೆಸುವ ಪ್ರೋಗ್ರಾಮು ಮರಗಟ್ಟಿತ್ತು. ತಂಪು ಮಾಡುವ ನೀರಿನ ಪಂಪು ನಿಂತದ್ದು ನಿಂತೇ ಉಳಿದು, ಕಂಪ್ರೆಸರ್ ಮಾತ್ರ ಓಡಿ ಓಡಿ, ಕೊಳವೆಯ ಕೂಡಿಕೆ ಬಿರಿದು ಅಮೋನಿಯಾ ಹೊರಗೆ ನುಗ್ಗಿತ್ತು. ಆ ಗೋಡೆಯ ನೆರಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದ ಬಸವಣ್ಣೆವ್ವ ಈಗ ಹುಬ್ಬಳ್ಳಿಯ ದವಾಖಾನೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದಳು.

ಬೇಕೆಂದೇ ಪ್ರೋಗ್ರಾಮು ನಿಲ್ಲಿಸಿ, ನಮಾಜಿನ ನೆಪ ಮಾಡಿ ಜಾಗ ಬಿಟ್ಟ ಎಂಬುದು ಸಲಾವುದ್ದೀನನ ಮೇಲಿನ ಆರೋಪ. ಅದಕ್ಕೆ ಕಾರಣ ಅವನ ಬಾಯಿಂದಲೇ ಸಿಕ್ಕಿತ್ತು. ಗುರುವಾರ ಮಾಲೀಕರಾದ ಸಾವಕಾರರ ಎದುರಿಗೆ, ನಾಲ್ಕು ಜನ ಹಮಾಲರ ಎದುರಿಗೆ, ಅವನು ಕೂಗಾಡಿದ್ದ: “ಆ ಹೆಸರು ಬಂದಾಗಿಂದ ಮಷೀನು ನಿಲ್ಲಾಕತ್ತೈತಿ. ಹಳೇದ ಹಾಕ್ರಿ. ಇಲ್ಲಂದ್ರ ಒಂದಿನ ಯಾರರ ಸಾಯ್ತಾರ.”

ಹೆಸರು ಅಂದರೆ ಪರದೆಯ ಮೇಲಿನ ಆ ದೇವರ ಹೆಸರು. ಅಮಾವಾಸ್ಯೆಗೆ ಯಂತ್ರಗಳನ್ನು ಪೂಜಿಸುವುದು ಇಲ್ಲಿನ ರೂಢಿ. ಲೆಕ್ಕದ ವಹಿಯ ತಲೆಯ ಮೇಲೆ ದೇವರ ಹೆಸರು ಇರುವ ಹಾಗೆ ಕಂಪ್ಯೂಟರಿನ ತಲೆಯ ಮೇಲೂ ಇರಲಿ ಎಂದು ಸಾವಕಾರರಿಗೆ ಆಸೆಯಾಯಿತು. ಪ್ರೋಗ್ರಾಮು ಬರೆದ ರಾಣೆಬೆನ್ನೂರಿನ ಸದಾಶಿವ ಆ ಒಂದು ಸಾಲು ಸೇರಿಸಿ ಹೊಸ ಫ್ಲಾಪಿ ತಂದುಕೊಟ್ಟ. ಬುಧವಾರ ಅಮಾವಾಸ್ಯೆಯ ದಿನ ಕುಂಕುಮ, ತೆಂಗಿನಕಾಯಿ ಎಲ್ಲ ಆದ ಮೇಲೆ ಹೊಸದನ್ನು ಹಾಕಿದವನು ಸಲಾವುದ್ದೀನನೇ. ಊದುಬತ್ತಿ ಹಚ್ಚಿದವನೂ ಅವನೇ.

ಅದನ್ನು ಈಗ ಯಾರೂ ನೆನೆಯುತ್ತಿರಲಿಲ್ಲ. ‘ಸಾಬರ ಹುಡುಗಗ ದೇವರ ಹೆಸರು ಸೇರಲಿಲ್ಲ’ ಎಂಬ ಮಾತು ಬೆಳಗಾಗುವಷ್ಟರಲ್ಲಿ ಪೇಟೆಯ ಚಹಾದಂಗಡಿಗಳನ್ನೆಲ್ಲ ಸುತ್ತಿ ಬಂದಿತ್ತು.

ಇದೇ ದೂರನ್ನು ಅವನು ಬುಧವಾರ ಸಂಜೆ ಅಗಡಿ ಊರಿನ ತಮ್ಮ ಮನೆಯಲ್ಲಿ ಅಕ್ಕನಿಗೂ ಹೇಳಿದ್ದ. “ಒಂದು ಹೆಸರು ಬರದ್ರ ಪ್ರೋಗ್ರಾಮು ಸಾಯೂದಿಲ್ಲೋ. ನೀ ಸರಿಯಾಗಿ ನೋಡಿಲ್ಲ” ಎಂದು ಅವಳು ರೊಟ್ಟಿ ಮುರಿಯುತ್ತ ನಕ್ಕುಬಿಟ್ಟಿದ್ದಳು. ದಿನಾ ಹಾವೇರಿಗೆ ಹೋಗಿ ನಾಲ್ಕು ಬ್ಯಾಚಿಗೆ ಕಂಪ್ಯೂಟರ್ ಕಲಿಸುವ ಅಕ್ಕ. ಅವಳ ಮಾತಿಗೆ ಅವನು ಎದುರಾಡಲಿಲ್ಲ. 

ಎಂಟನೆಯ ಸಲ ಓಡಿಸಲು ಅವಳಿಗೆ ಧೈರ್ಯ ಸಾಲಲಿಲ್ಲ. ಏನೂ ತೋಚದೆ ಮೊದಲಿನ ಫ್ಲಾಪಿಯನ್ನೂ ಹೊಸ ಫ್ಲಾಪಿಯನ್ನೂ ಒಂದಾದ ಮೇಲೊಂದು ಹಾಕಿ, ಒಳಗೇನಿದೆ ಎಂದು ಪಟ್ಟಿ ತೆಗೆದಳು.

ಹಳೆಯ ಪ್ರೋಗ್ರಾಮು: 24,816 ಬೈಟು.

ಹೊಸದು: 24,402.

ಅವಳು ಕನ್ನಡಕ ಒರೆಸಿ ಮತ್ತೆ ನೋಡಿದಳು.

“ಸಾಹೇಬ್ರ, ಇಲ್ಲಿ ಬರ್ರಿ. ಒಂದು ತಿಂಗಳು ತಕರಾರು ಇಲ್ಲದ ನಡದಿದ್ದು ಇದು. ಸಾಯಾಕತ್ತಿದ್ದು ಇದು. ಇದರಾಗ ಒಂದು ಸಾಲು ಹೆಚ್ಚಿಗಿ ಬರದಾರ. ಆದ್ರ ತೂಕ ನಾಕನೂರು ಕಮ್ಮಿ ಆಗೇತಿ.”

ಫೌಜದಾರರು ಕಂಪ್ಯೂಟರನ್ನು ಇದುವರೆಗೆ ದೂರದಿಂದಲೇ ನೋಡಿದವರು. ಆದರೆ ತೂಕದ ಮಾತು ಅವರಿಗೆ ತಟ್ಟನೆ ತಿಳಿಯಿತು. ಬ್ಯಾಡಗಿ ಪೇಟೆಯಲ್ಲಿ ಎಂಟು ತಿಂಗಳಿದ್ದವರಿಗೆ ಅದು ತಿಳಿಯದಿದ್ದರೆ ಹೇಗೆ?

“ಚೀಲಕ್ಕ ಒಂದು ಬೊಗಸಿ ಹೆಚ್ಚ ಹಾಕಿದ ಮ್ಯಾಲ ತೂಕ ಇಳೀತಂದ್ರ, ನಡಕ ಯಾವನೋ ಕೈ ಹಾಕ್ಯಾನ,” ಎಂದರು ನಿಧಾನವಾಗಿ. “ಆ ಸದಾಶಿವ ಎಲ್ಲದಾನ್ರಿ?”

“ರಾಣೆಬೆನ್ನೂರ ಬಸ್ಸಿಗೆ ಬರಾಕತ್ಯಾರ್ರಿ,” ಎಂದ ಕಾನ್‌ಸ್ಟೇಬಲ್.

ಸದಾಶಿವ ಬಂದಾಗ ಎರಡು ಗಂಟೆ ಹತ್ತು ನಿಮಿಷ. ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ. ಇಸ್ತ್ರಿ ಮಾಡಿದ ಅಂಗಿ ಬಸ್ಸಿನ ಗದ್ದಲದಲ್ಲಿ ಹಿಸುಕಿಹೋಗಿತ್ತು. ಬಾಗಿಲಲ್ಲಿ ಸಲಾವುದ್ದೀನನ ಬೇಡಿ ನೋಡಿ ಅವನ ಮುಖ ಬಿಳಿಚಿತು. ಜಾಹೀದಾ ಆ ಬಿಳಿಚಿದ್ದನ್ನೇ ಹಿಡಿದುಕೊಂಡಳು. ಮುಳುಗುವವರಿಗೆ ಅಷ್ಟೇ ಸಾಕು.

“ಏನ್ ತಗದೀರಿ ಇದರಾಗಿಂದ?” ಎಂದಳು, ಕೂಡ್ರಿ ಎಂದು ಕೂಡ ಹೇಳದೆ.

“ನಾನೇನು ತಗದಿಲ್ರಿ ಮೇಡಂ.”

“ನಾಕನೂರು ಬೈಟು ಗಾಳಿಗೆ ಹಾರಿದುವೇನು? ನನ್ನ ತಮ್ಮ ಹಗ್ಗಕ್ಕ ಕುತ್ತಿಗಿ ಕೊಟ್ಟು ಕುಂತಾನ. ಖರೇ ಹೇಳ್ರಿ.”

“ತಾಯಿ ಆಣಿ ಮಾಡ್ತೀನ್ರಿ. ದೇವರ ಹೆಸರಿನ ಸಾಲೊಂದು ಸೇರಿಸೇನಿ. ಮತ್ತೊಂದು ಅಕ್ಷರ ಮುಟ್ಟಿಲ್ಲ. ಹಳೇದು, ಹೊಸಾದು ಎರಡೂ ಬರದದ್ದು ಇಲ್ಲೇ ಅದ, ನೀವೇ ಓದ್ರಿ.”  ಕಿಸೆಯಿಂದ ಇನ್ನೊಂದು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟ.

ಅವಳು ಓದಿದಳು. ಹಳೆಯ ಬರಹವನ್ನೂ ಹೊಸ ಬರಹವನ್ನೂ ಸಾಲು ಸಾಲಾಗಿ, ಚುಕ್ಕೆ ಬಿಡದೆ ತಾಳೆ ನೋಡಿದಳು. ಸದಾಶಿವ ಹೇಳಿದ್ದು ನಿಜ. ಒಂದೇ ಒಂದು ಸಾಲು ಹೆಚ್ಚಿತ್ತು. ಏನೂ ಹೋಗಿರಲಿಲ್ಲ.

ಸಂಶಯಕ್ಕೆ ಸಿಕ್ಕಿದ್ದ ಒಬ್ಬನೇ ಮನುಷ್ಯನೂ ಕೈ ಜಾರಿದ. ಅವಳಿಗೆ ಅಲ್ಲೇ ನೆಲದ ಮೇಲೆ ಕೂತು ಅಳಬೇಕೆನಿಸಿತು. ಬೆಂಚಿನ ಕಡೆ ನೋಡಲಿಲ್ಲ, ನೋಡಿದರೆ ಅತ್ತೇಬಿಡುತ್ತಿದ್ದಳು.

“ಬರದದ್ದು ಶುದ್ಧ ಐತಿ. ಆದ್ರ ಆಗಿದ್ದು ಅಶುದ್ಧ ಐತಿ,” ಎಂದು ತನಗೆ ತಾನೇ ಗೊಣಗಿದಳು. ಹಾಗೆ ಗೊಣಗುತ್ತಲೇ ಅವಳ ಕೈ ಬ್ಯಾಗಿಗೆ ಹೋಯಿತು.

ಮನುಷ್ಯರು ಬರೆದ ಸಾಲುಗಳು ಯಂತ್ರಕ್ಕೆ ಹಾಗೆಯೇ ತಿಳಿಯುವುದಿಲ್ಲ. ಅವನ್ನು ಯಂತ್ರದ ಭಾಷೆಗೆ ತಿರುಗಿಸಲು ನಡುವೆ ಕಂಪೈಲರ್ ಎಂಬ ದುಭಾಷಿ ಬೇಕು. ಜಾಹೀದಾ ಆ ದುಭಾಷಿಯ ಒಂದು ಪ್ರತಿಯನ್ನು ಫ್ಲಾಪಿಯಲ್ಲಿ ಹೊತ್ತುಕೊಂಡೇ ತಿರುಗುವವಳು. ಸದಾಶಿವನ ಬರಹವನ್ನು ಒಂದು ಅಕ್ಷರ ತಿದ್ದದೆ ಅದಕ್ಕೆ ಒಪ್ಪಿಸಿದಳು.

ಬಂದ ತೂಕ: 24,848.

ಹಳೆಯದಕ್ಕಿಂತ ಮೂವತ್ತೆರಡು ಹೆಚ್ಚು. ಒಂದು ಸಾಲಿಗೆ ಎಷ್ಟು ಹೆಚ್ಚಬೇಕೋ ಅಷ್ಟು.

ಎರಡು ಮೂವತ್ತೈದಕ್ಕೆ ಅದನ್ನು ಓಡಿಸಿದಳು. ಕಂಪ್ರೆಸರ್ ಬಂದ್ ಆಗಿತ್ತು, ಆದರೆ ಒತ್ತಡ ಅಳೆದು ಹೇಳುವ ಕಾರ್ಡಿಗೆ ಜೀವವಿತ್ತು. ಪರೀಕ್ಷೆಗೆ ಅಷ್ಟು ಸಾಕಿತ್ತು. ಸತ್ತ ಪ್ರೋಗ್ರಾಮು ಬೆಳಗಿನಿಂದ ಒಮ್ಮೆಯೂ ಹನ್ನೆರಡು ನಿಮಿಷ ದಾಟಿರಲಿಲ್ಲ.

ಹತ್ತು ನಿಮಿಷ. ಹನ್ನೆರಡು.  ಹದಿನೈದು ನಿಮಿಷಕ್ಕೆ ಫೌಜದಾರರು ಸೀನು ಬಂದರೂ ಮೂಗು ಹಿಡಿದುಕೊಂಡರು, ತಮ್ಮ ಸೀನಿಗೆ ಪರದೆ ನಿಂತೀತೇನೋ ಎನ್ನುವ ಹಾಗೆ. ಇಪ್ಪತ್ತೈದು. ಮೂವತ್ತು. ಗಡಿಯಾರ ಓಡುತ್ತಲೇ ಇತ್ತು.

“ಬರದದ್ದು ಅದೇ, ಮಷೀನು ಅದೇ,” ಎಂದರು ಫೌಜದಾರರು. “ನಿಮ್ಮ ಕೈಯಾಗ ಬದುಕತೈತಿ, ಇವರ ಕೈಯಾಗ ಸಾಯತೈತಿ. ಇದೇನು ಮಾಟ ಏನ್ರಿ?”

“ಮಾಟ ಅಲ್ರಿ. ದುಭಾಷಿ ಅತಿ ಶಾಣ್ಯಾ ಆಗ್ಯಾನ.”

ಅವಳ ಕಣ್ಣು ಮಿನುಗತೊಡಗಿತ್ತು. ಬೆಳಗಿನಿಂದ ಮೊದಲ ಸಲ ಅವಳಿಗೆ ಹಸಿವಾಯಿತು.

“ನೀವು ಒಬ್ಬ ಕಾನ್‌ಸ್ಟೇಬಲ್‌ಗೆ ಹೇಳ್ತೀರಿ ಅನ್ರಿ: ಬಾಗಲದಾಗ ಯಾರರ ಬಂದಾರೇನು ನೋಡು, ಬರೂತನಕ ನೋಡಕೋಂತನ ಇರು. ಅವ ಒಮ್ಮೆ ಹೋಗಿ ನೋಡ್ತಾನ. ಯಾರೂ ಇಲ್ಲ. ಒಳಗ ಬಂದು ಕುಂದರತಾನ. ಮತ್ತ ನೋಡೋ ಅಂದ್ರ, ಎದ್ದು ಹೋಗೂದಿಲ್ಲ. ಈಗಷ್ಟ ನೋಡೇನಲ್ಲ, ಯಾರೂ ಇಲ್ರಿ ಅಂತ ಕುಂತಲ್ಲೇ ಹೇಳ್ತಾನ. ನೂರು ಸಲ ಕೇಳ್ರಿ, ನೂರು ಸಲಾನೂ ಅದನ್ನೇ ಹೇಳ್ತಾನ. ಬಾಗಲದಾಗ ಮಂದಿ ಬಂದು ನಿಂತಿದ್ರೂ ಗೊತ್ತಾಗೂದಿಲ್ಲ.”

ಫೌಜದಾರರು ಬಾಗಿಲ ಬಳಿಯ ಕಾನ್‌ಸ್ಟೇಬಲ್ ಕಡೆ ಒಂದು ನೋಟ ಬೀರಿದರು. ಅವನು ತನ್ನ ಬೂಟು ನೋಡಿಕೊಂಡ.

“ಸದಾಶಿವ ಅವರು ಬರದದ್ದೂ ಅಷ್ಟ. ಕಾರ್ಡು ಹೊಸ ಒತ್ತಡ ಹೇಳೂತನಕ ಅದನ್ನ ನೋಡಕೋಂತ ಇರು. ದುಭಾಷಿಗೆ ಒಂದು ಸ್ವಿಚ್ ಐತಿ. ಅದನ್ನ ಹಾಕಿದ್ರ ಕೆಲಸ ಲಗೂ ಆಗಲಿ ಅಂತ, ಒಮ್ಮೆ ನೋಡಿದ್ದನ್ನ ಮತ್ತ ನೋಡೂದು ದಂಡ ಅಂತ ತಿಳಕೊಂಡು ಆ ಕೆಲಸನ ತಗದ ಒಗೀತಾನ. ಅದಕ್ಕ ತೂಕ ಇಳದೈತಿ. ಕಾರ್ಡು ಲಗೂ ಉತ್ತರ ಕೊಟ್ರ ನಡೀತೈತಿ. ಒಂದ ಚೂರು ತಡ ಮಾಡಿದ್ರ, ಪ್ರೋಗ್ರಾಮು ಹಳೇ ಉತ್ತರ ಹಿಡಕೊಂಡು ಅಲ್ಲೇ ಕುಂದರತೈತಿ.”

“ಬಾಯಿಮಾತು ನಂಗ ಸಾಲೂದಿಲ್ಲ.”

“ತೋರಸ್ತೀನ್ರಿ.”

ಅವಳು ದುಭಾಷಿಯ ಪಟ್ಟಿಯೊಳಗೆ ಇಳಿದು ಆ ಒಂದು ಸ್ವಿಚ್ ಹಾಕಿದಳು. ಅದೇ ಬರಹವನ್ನು ಮತ್ತೆ ಒಪ್ಪಿಸಿದಳು. ಎಲ್ಲರೂ ಬಗ್ಗಿದರು. ಪರದೆಯ ಮೇಲೆ ತೂಕ ಮೂಡಿತು.

24,402.

ಸತ್ತ ಪ್ರೋಗ್ರಾಮಿನ ತೂಕವೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಫೌಜದಾರರು ಹಳೆಯ ಅಂಕಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದರು. ಎರಡೆರಡು ಸಲ ಬೆರಳಿಟ್ಟು ಓದಿದರು. ಆಮೇಲೆ ಕಾನ್‌ಸ್ಟೇಬಲ್‌ಗೆ ಹೇಳಿದರು: “ಹುಡುಗನ ಬೇಡಿ ತಗೀ.”

ಕೀಲಿ ತಿರುಗಿದ ಸದ್ದು ಜಾಹೀದಾಳಿಗೆ ಕೇಳಿಸಿತು. ಗೆದ್ದೆ ಎಂದುಕೊಂಡಳು.

“ಈಗ ಹೇಳ್ರಿ,” ಫೌಜದಾರರು ಸದಾಶಿವನ ಕಡೆ ತಿರುಗಿದರು. “ಆ ಸ್ವಿಚ್ ಯಾಕ ಹಾಕಿದ್ರಿ?”

“ನಾ ಹಾಕಿಲ್ರಿ! ಆ ಪಟ್ಟಿ ತೆರದೂ ಇಲ್ಲ. ಕೂತೆ, ಒಂದು ಸಾಲು ಬರದೆ, ತಿರುಗಿಸಿ ಫ್ಲಾಪಿಗೆ ತಗೊಂಡೆ. ಹೆಂಗಿತ್ತೋ ಹಂಗ.”

“ಎಲ್ಲಿ ಕೂತಿದ್ರಿ? ಮನ್ಯಾಗೇನು?”

“ನನ್ನ ಹತ್ರ ಎಲ್ಲಿಂದ ಬರಬೇಕ್ರಿ ಕಂಪ್ಯೂಟರ್? ತಾಸಿನ ಮ್ಯಾಲೆ ತಗೋತೀನಿ.” ಅವನು ಪಾಕೀಟು ಬಿಚ್ಚಿ, ನಾಲ್ಕಾಗಿ ಮಡಿಚಿದ ಚೀಟಿಯೊಂದನ್ನು ತೆಗೆದ. “ಇಲ್ಲೇ ಅದ ನೋಡ್ರಿ. ಮಂಗಳವಾರ, ಸಂಜೀ ಐದರಿಂದ ಆರು. ಹಾವೇರಿ. ಮೇಡಂ ಕ್ಲಾಸಿನ್ಯಾಗ. ಮೂರನೇ ಮಷೀನು.”

ಜಾಹೀದಾ ಚೀಟಿ ನೋಡಿದಳು. ಅಕ್ಷರ ಅವಳದೇ.

ಮಂಗಳವಾರ. ಮೂರನೇ ಮಷೀನು.

ಮಂಗಳವಾರ ಮೂರರಿಂದ ಐದರ ಬ್ಯಾಚಿಗೆ ಅವಳು ವೇಗದ ಪಾಠ ಮಾಡಿದ್ದಳು. ಹತ್ತು ಲಕ್ಷದವರೆಗೆ ಎಣಿಸುವ ಪುಟ್ಟ ಪ್ರೋಗ್ರಾಮು. ಸ್ವಿಚ್ ಇಲ್ಲದಾಗ ಹನ್ನೊಂದು ಸೆಕೆಂಡು, ಹಾಕಿದಾಗ ಏಳು. ಹುಡುಗರು ಚಪ್ಪಾಳೆ ತಟ್ಟಿದ್ದರು. ಬುಧವಾರದ ಬ್ಯಾಚಿಗೂ ಇದೇ ಪಾಠ, ಮತ್ತೆ ಹಾಕುವ ತಾಪತ್ರಯ ಯಾಕೆ ಎಂದು, ಎದ್ದು ಬರುವ ಮುಂಚೆ ಅವಳು ಆ ಸ್ವಿಚ್ಚನ್ನು ಹಾಗೆಯೇ ಉಳಿಸುವ ಆಜ್ಞೆ ಕೊಟ್ಟಿದ್ದಳು. ಆಮೇಲೆ ಆ ಕುರ್ಚಿಯಲ್ಲಿ ಬಂದು ಕೂತವನು ಸದಾಶಿವ.

ಅದೇ ಕೋಣೆಯ ಗೋಡೆಯ ಮೇಲೆ ಅವಳದೇ ದುಂಡಕ್ಷರದ ಫಲಕವಿದೆ: ‘ಎದ್ದು ಹೋಗುವಾಗ ಮೊದಲಿದ್ದಂತೆ ಮಾಡಿ ಹೋಗಿ.’ ಚಪ್ಪಲಿ ಹೊರಗೆ ಬಿಡಿ ಎಂಬುದರ ಕೆಳಗೆ. ಮರೆತ ಹುಡುಗರನ್ನು ಅವಳು ನಿಲ್ಲಿಸಿ ಬೈಯುತ್ತಿದ್ದಳು.

ಅವಳು ತಲೆಯೆತ್ತಿದಳು. ಸಲಾವುದ್ದೀನ ಅವಳನ್ನೇ ನೋಡುತ್ತಿದ್ದ. ಮಂಗಳವಾರ ಸಂಜೆ ಅಮ್ಮ ಹಾಜಿರಾಬಿಯ ಎದುರಿಗೆ ಅವಳು ಆ ಚಪ್ಪಾಳೆಯ ಕಥೆ ಹೇಳಿ ಬೀಗಿದಾಗ ಅವನೂ ಅಲ್ಲೇ ಇದ್ದ. “ಹಂಗಾದ್ರ ಅದನ್ನ ಹಾಕೇ ಇಡಬೇಕಲ್ಲ ಆಪಾ?” ಎಂದು ಅಕ್ಕನನ್ನು ಕೇಳಿದ್ದ. “ಹಾಕೇ ಇಟ್ಟು ಬಂದೇನಿ” ಎಂದಿದ್ದಳು.

ಫೌಜದಾರರು ಚೀಟಿ ಇಸಿದುಕೊಂಡು ಓದಿದರು. ಅದರಲ್ಲಿದ್ದದ್ದು ಸದಾಶಿವನದೊಂದೇ ಹೆಸರು. ಕಲಿಸುವವರಿಗೆ ಚೀಟಿ ಇರುವುದಿಲ್ಲ.

“ಆ ತಾಸಿನ್ಯಾಗ ಆ ಮಷೀನಿನ ಮುಂದ ನಿಮ್ಮನ್ನ ಬಿಟ್ರ ಯಾರೂ ಇದ್ದಿಲ್ಲ. ನಾ ಹಾಕಿಲ್ಲ ಅಂತ ಎಲ್ಲಾರೂ ಅಂತಾರ,” ಎಂದು ಸದಾಶಿವನಿಗೆ ಹೇಳಿ, ಹೊಸ ಕಾಗದದ ಮೇಲೆ ಬರೆಯತೊಡಗಿದರು.

“ಮೇಡಂ, ನೀವರ ಹೇಳ್ರಿ!” ಸದಾಶಿವನ ದನಿ ಒಡೆಯಿತು. “ನಾ ಎಂಥವ ಅಂತ ನಿಮಗ ಗೊತ್ತದ ಅಲ್ಲ?”

ಜಾಹೀದಾ ತನ್ನ ಫ್ಲಾಪಿಯನ್ನು ತೆಗೆದು ಬ್ಯಾಗಿಗೆ ಹಾಕತೊಡಗಿದಳು.

ಹೇಳಬೇಕಾದದ್ದು ನಾಲಗೆಯ ತುದಿಯಲ್ಲಿತ್ತು. ಆದರೂ ಅವಳು ಸುಮ್ಮನಿದ್ದಳು. ಹೀಗೆ ಸುಮ್ಮನಿದ್ದರೆ ತಮ್ಮ ಇನ್ನೊಂದು ತಾಸಿನಲ್ಲಿ ಅಗಡಿಯ ಬಸ್ಸಿನಲ್ಲಿರುತ್ತಾನೆ, ತಾನೂ ಅವನ ಪಕ್ಕದಲ್ಲಿರುತ್ತೇನೆ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ತನ್ನ ಬಗ್ಗೆ ಅವಳಿಗೆ ಇಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಫೌಜದಾರರು ಎತ್ತಿ, ಎರಡು ಸಲ “ಹೂಂ” ಎಂದರು.  ಟೋಪಿ ತೆಗೆದು ಮೇಜಿನ ಮೇಲಿಟ್ಟರು.

“ಬಸವಣ್ಣೆವ್ವ ತೀರಕೊಂಡಾಳ. ಮೂರೂವರಿ ಸುಮಾರಿಗೆ.” ರಿಸೀವರನ್ನು ಕೈಯಿಂದ ಮುಚ್ಚಿ ಜಾಹೀದಾಳ ಕಡೆ ಚಾಚಿದರು. “ಮಗಳು ಅದಾಳ, ಜಯವ್ವ. ಕಂಪ್ಯೂಟರ್ ಕಲಿಸೋ ಅಕ್ಕೋರಿಗೆ ಕೊಡ್ರಿ ಅನ್ನಾಕತ್ತಾಳ.”

ತಂತಿಯ ಆ ತುದಿಯಲ್ಲಿ ದವಾಖಾನೆಯ ಗದ್ದಲ. ಅದರ ನಡುವೆ ಅಳುತ್ತಿದ್ದ ಸಣ್ಣ ದನಿ.

“ಅಕ್ಕೋರ, ನೀವು ಹುಡುಕಾಕತ್ತೀರಿ ಅಂದ್ರು. ನಮ್ಮವ್ವ ಯಾರಿಗೂ ಏನೂ ಮಾಡಿದಾಕಿ ಅಲ್ರಿ. ಬಿಸಲಾಗತೈತಿ ಅಂತ ಆ ನೆರಳಿಗೆ ಹೋಗಿ ಕುಂತಿದ್ಲು, ಅಷ್ಟ. ಯಾರ ಕೈಲೆ ಆತು ಅನ್ನೂದರ ಹೇಳ್ರಿ. ಮಣ್ಣ ಕೊಡೂದ್ರೊಳಗ ನನಗ ಗೊತ್ತಾಗಬೇಕು.”

ಜಾಹೀದಾ ಕಣ್ಣು ಮುಚ್ಚಿದಳು. ತೆರೆದಾಗ ಫೌಜದಾರರ ಕಾಗದದ ಮೇಲೆ ಸದಾಶಿವನ ಹೆಸರು ಒದ್ದೆ ಶಾಯಿಯಲ್ಲಿ ಹೊಳೆಯುತ್ತಿತ್ತು.

“ಆ ಹೆಸರು ಹೊಡದು ಹಾಕ್ರಿ, ಸಾಹೇಬ್ರ,” ಎಂದಳು.

“ಏನಂದ್ರಿ?”

“ಅದನ್ನ ಹೊಡೀರಿ. ಆ ಸ್ವಿಚ್ ಅವರು ಹಾಕಿಲ್ಲ.”

“ಮತ್ತ ಯಾರದು ಬರೀಲಿ?”

ಅವಳು ಬಾಯಿ ತೆರೆಯುವಷ್ಟರಲ್ಲಿ ಬೆಂಚು ಕಿರುಗುಟ್ಟಿತು. ಸಲಾವುದ್ದೀನ ಎದ್ದು ಬಂದು ಅವಳಿಗೂ ಮೇಜಿಗೂ ನಡುವೆ ನಿಂತ. ಬಿಚ್ಚಿದ ಬೇಡಿ ಕಾನ್‌ಸ್ಟೇಬಲ್‌ನ ಕೈಯಲ್ಲಿ ಜೋತಾಡುತ್ತಿತ್ತು. ಅದನ್ನು ಕಸಿದು ತನ್ನ ಮಣಿಕಟ್ಟಿಗೆ ತಾನೇ ಒತ್ತಿ ಮುಚ್ಚಿಕೊಂಡ.

“ನಂದ ಬರೀರಿ,” ಎಂದ. “ನಿನ್ನಿಯಿಂದ ಸುಳ್ಳು ಹೇಳೇನಿ. ಪ್ರೋಗ್ರಾಮು ನಾನ ನಿಲ್ಲಿಸಿ ಹೋಗಿದ್ದೆ. ಊರ ಮಂದಿ ಅನ್ನೂದು ಖರೇ ಐತ್ರಿ. ದೇವರ ಹೆಸರು ನನಗ ಸೇರಲಿಲ್ಲ.”

“ಸಲಾವುದ್ದೀನ!” ಎಂದು ಚೀರಿದಳು ಜಾಹೀದಾ.

ಅವನು ಹಿಂತಿರುಗಿ ನೋಡಲಿಲ್ಲ. ಒಪ್ಪಿಗೆಯೇ ಕೈಗೆ ಬಂದ ಮೇಲೆ ತೂಕದ ಲೆಕ್ಕ ಬೇಡವೆಂಬಂತೆ ಫೌಜದಾರರು ಹೊಸ ಕಾಗದವನ್ನು ಮಡಿಚಿ ಬದಿಗಿಟ್ಟು, ನಿನ್ನೆಯ ಹಳೆಯ ಕಾಗದವನ್ನೇ ಮತ್ತೆ ಮುಂದಕ್ಕೆ ಎಳೆದುಕೊಂಡರು. ಜಾಹೀದಾಳ ಕೈಯಲ್ಲಿದ್ದ ರಿಸೀವರಿನಲ್ಲಿ ಜಯವ್ವನ ಅಳು ನಿಂತಿತ್ತು. ಸಲಾವುದ್ದೀನನ ಮಾತನ್ನೆಲ್ಲ ಅವಳು ಆ ತುದಿಯಲ್ಲಿ ಕೇಳಿಸಿಕೊಂಡಿದ್ದಳು.